ಖಾದಿಯನ್ನ ಯಾರು ಕೊಂಡರು? ಸೀತಾಬರ್ಡಿಯಿಂದ ಒಂದು ಲೆಕ್ಕ

ಇದು ನಮ್ಮ ಚಾನೆಲ್ಲಿನ ನಾಗಪುರದ ಮಾತಿನ ಬರಹ ರೂಪ. ವಿಡಿಯೊದಲ್ಲಿ ಬಾಯಿಮಾತಿಗೆ ಹಿಡಿಸದ ಇಸವಿ, ಅಂಕಿಗಳನ್ನ ಇಲ್ಲಿ ಸೇರಿಸಿದ್ದೇನೆ. ಓದೋದಕ್ಕೆ ಹತ್ತು ನಿಮಿಷ ಸಾಕು.

ಮೊದಲಿಗೆ ಒಂದು ಪ್ರಶ್ನೆ. ಪರಿಸರಕ್ಕೆ ಹಿತವಾದ ವಸ್ತುವನ್ನ ಯಾರು ಕೊಳ್ತಾರೆ? ಓದಿದವರೇ? ಹಣ ಇದ್ದವರೇ? ಹೆಂಗಸರೇ, ಹುಡುಗರೇ? ನಮ್ಮಂಥ ಐಟಿ ಜನಕ್ಕೆ ಇದಕ್ಕೆ ಒಂದು ಸಿದ್ಧ ಉತ್ತರ ಇದೆ: "ಅವೇರ್‌ನೆಸ್ ಬಂದ್ರೆ ಎಲ್ಲರೂ ಕೊಳ್ತಾರೆ." ಬಟ್ಟೆ ಚೀಲ, ಬಿದಿರಿನ ಟೂತ್‌ಬ್ರಶ್, ಗಾಣದ ಎಣ್ಣೆ, ಕೈಮಗ್ಗದ ಅಂಗಿ, ಯಾವುದರ ಮಾತು ಬಂದರೂ ಕೊನೆಗೆ ಬಂದು ನಿಲ್ಲೋದು "ಜನಕ್ಕೆ ತಿಳಿವಳಿಕೆ ಇಲ್ಲ" ಅನ್ನೋ ವಾಕ್ಯದಲ್ಲೇ.

ಈ ಉತ್ತರ ನಿಜವೋ ಅಲ್ಲವೋ ಅಂತ ನೋಡೋಕೆ ಹೊಸ ಸರ್ವೆ ಮಾಡಬೇಕಿಲ್ಲ. ನೂರು ವರ್ಷದ ಹಿಂದೆ ಈ ದೇಶದಲ್ಲಿ ಒಂದು ಭಾರೀ ಪ್ರಯೋಗ ಆಗಿಹೋಗಿದೆ. ಕಲ್ಲಿದ್ದಲು ಸುಡದ, ಹಳ್ಳಿಯಲ್ಲೇ ತಯಾರಾಗುವ, ಕೊನೆಗೆ ಮಣ್ಣಲ್ಲಿ ಕರಗುವ ಒಂದು ವಸ್ತುವನ್ನ ಇಡೀ ದೇಶಕ್ಕೆ ಮಾರೋ ಪ್ರಯತ್ನ ಅದು. ಆ ವಸ್ತುವಿನ ಹೆಸರು ಖಾದಿ. ಆ ಕಥೆಯ ಬಹಳಷ್ಟು ಪುಟಗಳು ನಾನೀಗ ಇರುವ ನಾಗಪುರದಲ್ಲಿ, ಸೀತಾಬರ್ಡಿಯ ಸುತ್ತಲಿನ ನಾಲ್ಕಾರು ಕಿಲೋಮೀಟರಿನಲ್ಲೇ ಇವೆ. ನಾನು ಹುಬ್ಬಳ್ಳಿ ಕಡೆಯವನು, ಕೆಲಸ ಮಿಹಾನ್‌ನಲ್ಲಿ. ಈ ಕಥೆಯಲ್ಲಿ ನಮ್ಮೂರೂ ಬರುತ್ತೆ, ಅದೇ ನನ್ನನ್ನ ಇದರೊಳಗೆ ಎಳೆದದ್ದು.

ಗುಡ್ಡ, ಗಿರಣಿ, ಪೇಟೆ

ಸೀತಾಬರ್ಡಿ ಅಂದ್ರೆ ಇವತ್ತು ಮೆಟ್ರೊದ ಎರಡೂ ಮಾರ್ಗ ಕೂಡುವ ಸ್ಟೇಷನ್ನು, ವೆರೈಟಿ ಚೌಕ, ರಸ್ತೆ ತುಂಬ ಬಟ್ಟೆ ಹರವಿಕೊಂಡು ಕೂತ ವ್ಯಾಪಾರಿಗಳು. ಪಕ್ಕದಲ್ಲೇ ಜೋಡಿ ಗುಡ್ಡದ ಮೇಲೆ ಕೋಟೆ. 1817ರ ನವೆಂಬರ್ 26 ಮತ್ತು 27ರಂದು ಈಸ್ಟ್ ಇಂಡಿಯಾ ಕಂಪನಿಯ ಪಡೆ ಅಪ್ಪಾಸಾಹೇಬ ಭೋಂಸಲೆಯ ಸೈನ್ಯವನ್ನ ಸೋಲಿಸಿದ್ದು ಇದೇ ಗುಡ್ಡದ ಮೇಲೆ. 1853ರ ಕೊನೆಗೆ ಭೋಂಸಲೆ ವಂಶದ ದೊರೆ ಗಂಡುಮಕ್ಕಳಿಲ್ಲದೆ ತೀರಿಕೊಂಡಾಗ ಡಾಲ್‌ಹೌಸಿ ರಾಜ್ಯವನ್ನೇ ನುಂಗಿದ. ಆಮೇಲೆ ಬಂತು ರೈಲು, ಅದರ ಹಿಂದೆಯೇ ಗಿರಣಿ.

1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನ ಭಾರತದ ಚಕ್ರವರ್ತಿನಿ ಅಂತ ಘೋಷಿಸಿದ ದಿನವೇ, ಜಮ್‌ಶೆಟ್‌ಜಿ ಟಾಟಾ ಇಲ್ಲಿ ಎಂಪ್ರೆಸ್ ಮಿಲ್ ಶುರು ಮಾಡಿದರು. ಮುಂಬಯಿ ಬಿಟ್ಟು ಇಲ್ಲಿಗೇ ಯಾಕೆ? ಹತ್ತಿ ಇಲ್ಲೇ ಬೆಳೆಯುತ್ತೆ, ಕಲ್ಲಿದ್ದಲು ಹತ್ತಿರ, ಬಟ್ಟೆ ಕೊಳ್ಳೋರೂ ಇಲ್ಲೇ. ಇಂಜಿನಿಯರ್ ಕಣ್ಣಿಗೆ ತಪ್ಪೇ ಕಾಣದ ತರ್ಕ. ಆ ಮಿಲ್ಲು ಇದ್ದ ಜಾಗದಲ್ಲಿ ಈಗ ಒಂದು ಮಾಲ್ ಇದೆ. ಹೆಸರಲ್ಲಿ ಮಾತ್ರ "ಎಂಪ್ರೆಸ್" ಉಳಿದುಕೊಂಡಿದೆ.

ಗಿರಣಿಗೂ ಮೊದಲು ಇಲ್ಲಿ ಬಟ್ಟೆ ಜಾತಿವಾರು ಹಂಚಿಕೆಯಾಗಿತ್ತು. ರೇಷ್ಮೆ ಅಂಚಿನ ನಯವಾದ ಬಟ್ಟೆ ಕೋಷ್ಟಿಗಳದು. ದಪ್ಪ, ಒರಟು ಬಟ್ಟೆ ಹಳ್ಳಿಯ ಮಹಾರರದು. ಮೋಮಿನಪುರದಲ್ಲಿ ಮುಸ್ಲಿಂ ನೇಕಾರರು. ಗಿರಣಿ ಬಟ್ಟೆ ಬಂದಾಗ ಮೊದಲು ಏಟು ಬಿದ್ದದ್ದು ಒರಟು ಬಟ್ಟೆಗೆ. ಯಾಕಂದ್ರೆ ಅದನ್ನ ಕೊಳ್ಳುತ್ತಿದ್ದವರು ಬಡವರು, ಬಡವರಿಗೆ ಗಿರಣಿ ಬಟ್ಟೆ ಅಗ್ಗವಾಗಿ ಸಿಕ್ಕಿತು. ಮಗ್ಗ ಬಿಟ್ಟ ಮಹಾರರು ಹಲವರು ಅದೇ ಗಿರಣಿಯಲ್ಲಿ ಕೂಲಿಗೆ ಸೇರಿದರು. ಇದನ್ನ ನೆನಪಲ್ಲಿಟ್ಟುಕೊಳ್ಳಿ. ಖಾದಿ ಬರುವ ಹೊತ್ತಿಗೆ "ಒರಟು ಬಟ್ಟೆ" ಅನ್ನೋದಕ್ಕೆ ಈ ಊರಲ್ಲಿ ಆಗಲೇ ಒಂದು ಜಾತಿಯ ಗುರುತು ಅಂಟಿಕೊಂಡಿತ್ತು.

1920: ಎಂಟುನೂರು ಕನ್ನಡಿಗರು

ಮೆಟ್ರೊದಲ್ಲಿ ಸೀತಾಬರ್ಡಿ ಬಿಟ್ಟು ದಕ್ಷಿಣಕ್ಕೆ ಹೊರಟರೆ ಮುಂದಿನ ಸ್ಟೇಷನ್ನು ಕಾಂಗ್ರೆಸ್ ನಗರ. 1920ರ ಡಿಸೆಂಬರಿನಲ್ಲಿ ಅಧಿವೇಶನ ನಡೆದ ಜಾಗ ಅದು, ಹೆಸರು ಬಂದದ್ದೂ ಅದರಿಂದಲೇ. ಸಿ. ವಿಜಯರಾಘವಾಚಾರಿಯವರ ಅಧ್ಯಕ್ಷತೆಯಲ್ಲಿ 14 ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಸೇರಿದ್ದರು. ಅದೇ ವರ್ಷ ಧಾರವಾಡದಲ್ಲಿ ವಿ.ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ನಡೆದ ಕರ್ನಾಟಕ ರಾಜಕೀಯ ಪರಿಷತ್ತು ಕೊಟ್ಟ ಕರೆಗೆ ಓಗೊಟ್ಟು ಸುಮಾರು 800 ಕನ್ನಡಿಗರು ಇಲ್ಲಿಗೆ ಬಂದಿದ್ದರು. ಭಾಷಾವಾರು ಪ್ರಾಂತ ಸಮಿತಿಗಳಿಗೆ ಒಪ್ಪಿಗೆ ಸಿಕ್ಕಿದ್ದು ಇಲ್ಲೇ. ಕರ್ನಾಟಕಕ್ಕೆ ಅಂತ ಒಂದು ಕಾಂಗ್ರೆಸ್ ಸಮಿತಿ ಹುಟ್ಟಿದ್ದು ಇಲ್ಲಿಂದಲೇ. ಏಕೀಕರಣದ ಕಥೆ ಹೇಳುವಾಗ ನಾವು ನಾಗಪುರವನ್ನ ಒಂದು ಸಾಲಲ್ಲಿ ದಾಟಿಬಿಡ್ತೇವೆ. ಆದರೆ ಅದೇ ಅಧಿವೇಶನ ಅಸಹಕಾರಕ್ಕೆ ಮುದ್ರೆ ಒತ್ತಿತು, ಜೊತೆಗೆ ಪರದೇಶಿ ಬಟ್ಟೆಯ ಬಹಿಷ್ಕಾರ, ಕೈನೂಲು, ಕೈನೇಯ್ಗೆಯ ಕಾರ್ಯಕ್ರಮಕ್ಕೂ.

ಹಾಗೆ ಬಂದ ಕರ್ನಾಟಕ ಸಮಿತಿಯ ಮುಂದಾಳು ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ. ಆಮೇಲೆ ಹುದಲಿಯಲ್ಲಿ ಖಾದಿ ಕೇಂದ್ರ ಕಟ್ಟಿ "ಖಾದಿ ಭಗೀರಥ" ಅನ್ನಿಸಿಕೊಂಡವರೂ ಅವರೇ.

1923ರಲ್ಲಿ ಇನ್ನೊಂದು ಅಧ್ಯಾಯ. ಚರಕದ ಬಾವುಟ ಹಿಡಿದು ಸಿವಿಲ್ ಲೈನ್ಸ್ ಕಡೆ ಹೊರಟ ಮೆರವಣಿಗೆಯನ್ನ ಪೊಲೀಸರು ತಡೆದರು. ಮೇ 1ರಿಂದ ದಿನಾ ತಂಡ ತಂಡವಾಗಿ ಜನ ಹೋಗಿ ಬಂಧನಕ್ಕೊಳಗಾದರು. ಮೊದಲು ಜಮನಾಲಾಲ್ ಬಜಾಜ್, ಅವರು ಜೈಲಿಗೆ ಹೋದ ಮೇಲೆ ವಲ್ಲಭಭಾಯಿ ಪಟೇಲ್ ಮುಂದೆ ನಿಂತರು. ಆಗಸ್ಟಿನ ಹೊತ್ತಿಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಜೈಲು ಕಂಡಿದ್ದರು. ಅವರಲ್ಲಿ ಡಾ. ನಾ.ಸು. ಹರ್ಡೀಕರರ ಹುಬ್ಬಳ್ಳಿ ಸೇವಾ ಮಂಡಲದ ಹುಡುಗರೂ ಇದ್ದರು. ಕ್ಷಮೆ ಬರೆದುಕೊಟ್ಟರೆ ಬಿಡ್ತೇವೆ ಅಂದಾಗ ಅವರು ಬರೆದುಕೊಡಲಿಲ್ಲ. ಆ ಹೆಸರಿನ ಬಲದಿಂದಲೇ ಅದೇ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಹಿಂದೂಸ್ತಾನಿ ಸೇವಾ ದಳ ಹುಟ್ಟಿತು.

ಈ ಹುಡುಗರು ಖಾದಿ ಯಾಕೆ ತೊಟ್ಟರು? ಅರ್ಥಶಾಸ್ತ್ರದ ಪುಸ್ತಕ ಓದಿಯಲ್ಲ. ತನ್ನ ತಂಡದವರೆಲ್ಲ ತೊಟ್ಟಿದ್ದಾರೆ, ಅದನ್ನ ತೊಟ್ಟವನು ನಮ್ಮವನು, ಅಷ್ಟೇ. ವಯಸ್ಸು ಇಪ್ಪತ್ತರ ಆಸುಪಾಸು, ಬಹುತೇಕರಿಗೆ ಸಂಸಾರದ ಭಾರ ಇನ್ನೂ ಇಲ್ಲ. ಇದು ನಮ್ಮ ಮೊದಲ ಅಂಶ: ವಯಸ್ಸು ಮತ್ತು ಗುಂಪು.

ಎರಡು ಸಾವಿರ ಗಜ

ಮುಂದಿನ ವರ್ಷ ಪ್ರಯೋಗ ಕಠಿಣವಾಯಿತು. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ, ಗಾಂಧಿ ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನದಲ್ಲಿ, ಕಾಂಗ್ರೆಸ್ ಸದಸ್ಯತ್ವದ ನಿಯಮ ಬದಲಾಯಿತು. ನಾಲ್ಕಾಣೆ ಚಂದಾ ಬದಲಿಗೆ ತಿಂಗಳಿಗೆ ಎರಡು ಸಾವಿರ ಗಜ ಕೈನೂಲು. ಕಾಂಗ್ರೆಸ್ ಕೆಲಸದ ವೇಳೆ ಖಾದಿಯನ್ನೇ ಉಡಬೇಕು. ದಿನಕ್ಕೆ ಅರ್ಧ ಗಂಟೆ ನೂತರೆ ಸಾಕು ಅನ್ನೋದು ಗಾಂಧಿಯ ಲೆಕ್ಕ.

ಆದರೆ ನಿಯಮದಲ್ಲಿ ಒಂದು ಕಿಂಡಿ ಇತ್ತು. ಕಾಯಿಲೆ ಇದ್ದರೆ, ಅಥವಾ ಮನಸ್ಸಿಲ್ಲದಿದ್ದರೆ, ಬೇರೆಯವರು ನೂತ ಅಷ್ಟೇ ನೂಲನ್ನ ಕೊಟ್ಟರೂ ನಡೆಯುತ್ತಿತ್ತು. ಅಂದ್ರೆ ದುಡ್ಡು ಇದ್ದವನು ನೂಲು ಕೊಂಡು ತಂದು ಕೊಡಬಹುದು. ಇದನ್ನ ಓದಿದಾಗ ನನಗೆ ತಟ್ಟನೆ ಹೊಳೆದದ್ದು ಕಾರ್ಬನ್ ಆಫ್‌ಸೆಟ್. ವಿಮಾನದ ಟಿಕೆಟ್ ಬುಕ್ ಮಾಡುವಾಗ ಕೊನೆಯಲ್ಲಿ ಒಂದು ಟಿಕ್ ಹಾಕಿ ಯಾರೋ ಎಲ್ಲೋ ಗಿಡ ನೆಡಲಿ ಅಂತ ದುಡ್ಡು ಕೊಡ್ತೀವಲ್ಲ, ಅದರ 1924ರ ರೂಪ. ಮಾಡೋ ಕೆಲಸ ಬಡವನದು, ಪುಣ್ಯ ಮಾತ್ರ ನಮ್ಮದು.

ಈ ನಿಯಮ ವರ್ಷವೂ ನಿಲ್ಲಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ನಾಲ್ಕಾಣೆ ಮರಳಿ ಬಂತು, ಖಾದಿ ಕೆಲಸಕ್ಕೆ ಬೇರೆಯೇ ಅಖಿಲ ಭಾರತ ಚರಕ ಸಂಘ ಹುಟ್ಟಿತು. ಯಾಕೆ ನಿಲ್ಲಲಿಲ್ಲ? ಕಾಂಗ್ರೆಸ್ಸಿಗರಿಗೆ ತಿಳಿವಳಿಕೆ ಇರಲಿಲ್ಲವೇ? ದೇಶದಲ್ಲೇ ಅತಿ ಹೆಚ್ಚು ತಿಳಿದ ಗುಂಪು ಅದು. ಕೊರತೆ ಇದ್ದದ್ದು ಸಮಯಕ್ಕೆ, ಅಭ್ಯಾಸಕ್ಕೆ. ವಕೀಲನಿಗೆ ಚರಕ ತಿರುಗಿಸೋದು ಗೊತ್ತಿಲ್ಲ, ಗೊತ್ತಿದ್ದ ಹಳ್ಳಿ ಹೆಂಗಸಿಗೆ ಸದಸ್ಯತ್ವ ಬೇಕಿರಲಿಲ್ಲ.

ಹೆಂಗಸರ ಮಾತು ಬಂತಲ್ಲ, ಅದೇ ಎರಡನೆಯ ಅಂಶ. ನೂಲುವವರು ಹೆಚ್ಚಿನಂಶ ಹೆಂಗಸರು. ಉಡುವ ವಿಷಯದಲ್ಲಿ ಮಾತ್ರ ಅವರಿಗೇ ಕಷ್ಟ ಜಾಸ್ತಿ. ಗಂಡಸಿಗೆ ಒಂದು ಪಂಚೆ, ಒಂದು ಟೋಪಿ ಆದರೆ ಮುಗೀತು. ಹೆಂಗಸಿಗೆ ಒಂಬತ್ತು ಗಜದ ಸೀರೆ ಬೇಕು. ಅಂದಿನ ದಪ್ಪ ಖಾದಿಯಲ್ಲಿ ಒಂಬತ್ತು ಗಜ ಉಟ್ಟು, ಒಗೆದು, ಹಿಂಡಿ, ಒಣಗಿಸಬೇಕು. ನೆನೆದ ಖಾದಿ ಸೀರೆಯ ಭಾರ ಅದನ್ನ ಹಿಂಡಿದವರಿಗೇ ಗೊತ್ತು. ಭಾರ, ಬಣ್ಣ ಇಲ್ಲ, ಅಂಚಿಲ್ಲ ಅಂತ ಹೆಂಗಸರು ಗೊಣಗಿದ್ದು ಆ ಕಾಲದ ಪತ್ರಿಕೆಗಳಲ್ಲೇ ಇದೆ. ಇವತ್ತಿಗೂ ನೋಡಿ, ಮನೆಯಲ್ಲಿ ಪ್ಲಾಸ್ಟಿಕ್ ಬಿಡೋಣ ಅಂತ ತೀರ್ಮಾನ ಮಾಡೋರು ಒಬ್ಬರು, ಸ್ಟೀಲ್ ಡಬ್ಬಿ ತಿಕ್ಕೋರು, ಬಟ್ಟೆ ಡಯಾಪರ್ ಒಗೆಯೋರು, ಹಸಿ ಕಸ ಬೇರೆ ಮಾಡೋರು ಇನ್ನೊಬ್ಬರು. "ಹೆಂಗಸರಿಗೆ ಪರಿಸರ ಕಾಳಜಿ ಜಾಸ್ತಿ" ಅಂತ ಬಹಳ ಅಧ್ಯಯನಗಳು ಹೇಳ್ತವೆ. ಆ ಕಾಳಜಿಯಲ್ಲಿ ಎಷ್ಟು ಪಾಲು ಸಂಬಳವಿಲ್ಲದ ಕೆಲಸ ಅಂತಲೂ ಕೇಳಬೇಕು.

ಮೂರನೆಯದು ಬೆಲೆ. ಖಾದಿ ಗಿರಣಿ ಬಟ್ಟೆಗಿಂತ ತುಟ್ಟಿ. ತುಟ್ಟಿಯಾಗಿದ್ದೂ ನೂಲುವವಳಿಗೆ ಸಿಗ್ತಿದ್ದದ್ದು ದಿನಕ್ಕೆ ಪುಡಿಗಾಸು. 1935ರಲ್ಲಿ ಗಾಂಧಿ, ಎಂಟು ಗಂಟೆ ನೂತವಳಿಗೆ ಎಂಟಾಣೆಯಾದರೂ ಸಿಗಬೇಕು ಅಂತ ಹಟ ಹಿಡಿದರು. ಚರಕ ಸಂಘದವರೇ ಗಾಬರಿಯಾದರು: ಅಷ್ಟು ಕೊಟ್ಟರೆ ಬಟ್ಟೆ ಬೆಲೆ ಏರುತ್ತೆ, ಕೊಳ್ಳೋರು ಓಡಿಹೋಗ್ತಾರೆ. ಕೊನೆಗೆ ಅದಕ್ಕಿಂತ ಬಹಳ ಕಡಿಮೆ ಕೂಲಿಗೆ ಒಪ್ಪಂದವಾಯಿತು. ಮಾಡಿದವಳಿಗೆ ನ್ಯಾಯದ ಕೂಲಿ, ಕೊಳ್ಳುವ ಬಡವನಿಗೆ ಕೈಗೆಟಕುವ ಬೆಲೆ, ಎರಡೂ ಒಟ್ಟಿಗೆ ಸಿಗಲ್ಲ. ಮಧ್ಯದ ಅಂತರವನ್ನ ಯಾರಾದರೂ ತುಂಬಬೇಕು. ಆಗ ತುಂಬಿದ್ದು ದೇಣಿಗೆ ಮತ್ತು ದೇಶಭಕ್ತ ಮಧ್ಯಮ ವರ್ಗ. ಈ ಸಮಸ್ಯೆ ಇಂದಿಗೂ ಹಾಗೇ ಇದೆ.

ಯಾರಿಗೆ ತ್ಯಾಗ, ಯಾರಿಗೆ ಹಣೆಪಟ್ಟಿ

ನಾಲ್ಕನೆಯ ಅಂಶ ಎಲ್ಲಕ್ಕಿಂತ ಮುಖ್ಯ, ಮತ್ತು ನಾವು ಕಡಿಮೆ ಮಾತಾಡೋದು: ಜಾತಿ, ಅಂತಸ್ತು.

ಮೋತಿಲಾಲ್ ನೆಹರೂ ಸೂಟು ಬಿಟ್ಟು ಖಾದಿ ಉಟ್ಟರೆ ಅದು ತ್ಯಾಗ, ಜನ ಕೈ ಮುಗೀತಾರೆ. ತಲೆಮಾರುಗಳಿಂದ ಒರಟು ಬಟ್ಟೆಯನ್ನೇ ಉಡಬೇಕಾಗಿ ಬಂದವನು ಅದನ್ನೇ ಉಟ್ಟರೆ ಯಾರ ಕಣ್ಣಿಗೂ ಬೀಳಲ್ಲ. ಅವನ ಪಾಲಿಗೆ ಅದು ಹಳೆಯ ಹಣೆಪಟ್ಟಿ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅಂಬೇಡ್ಕರ್ ದಲಿತ ಹೆಂಗಸರಿಗೆ ಹೇಳಿದ್ದು ಸೀರೆಯ ಬಗ್ಗೆಯೇ. ಕೀಳುಜಾತಿ ಅಂತ ದೂರದಿಂದಲೇ ಗುರುತು ಹಿಡಿಯುವ ಹಾಗೆ ಉಡೋದನ್ನ ಬಿಡಿ, ಸ್ವಚ್ಛವಾಗಿ ಉಡಿ ಅಂದರು. 1942ರ ಜುಲೈಯಲ್ಲಿ ಇದೇ ನಾಗಪುರದಲ್ಲಿ ಸಾವಿರಾರು ದಲಿತ ಹೆಂಗಸರು ಸೇರಿದ್ದ ಸಮ್ಮೇಳನದಲ್ಲೂ ಸ್ವಚ್ಛತೆ, ಶಿಕ್ಷಣ, ಸ್ವಾಭಿಮಾನದ ಮಾತನ್ನೇ ಆಡಿದರು. 1956ರ ಅಕ್ಟೋಬರ್ 14ರಂದು ಇಲ್ಲೇ ದೀಕ್ಷೆಗೆ ಬಂದ ಲಕ್ಷಾಂತರ ಜನ ಬಿಳಿ ಬಟ್ಟೆ ಉಟ್ಟು ಬಂದರು. ಅಂಬೇಡ್ಕರ್ ತಾವು ಸಾಮಾನ್ಯವಾಗಿ ತೊಡುತ್ತಿದ್ದದ್ದು ಸೂಟು. ಅದನ್ನ "ಪಾಶ್ಚಾತ್ಯ ಮೋಹ" ಅಂತ ಬೈದವರಿಗೆ ಆ ಸೂಟು ಯಾವ ಪ್ರಶ್ನೆಗೆ ಉತ್ತರ ಅನ್ನೋದೇ ಅರ್ಥವಾಗಿರಲಿಲ್ಲ.

ಇದನ್ನ ಇವತ್ತಿಗೆ ತನ್ನಿ. ನಾವು ಮೂರು ವರ್ಷದ ಹಳೇ ಫೋನು ಇಟ್ಕೊಂಡರೆ "ಮಿನಿಮಲಿಸ್ಟ್". ಮನೆ ಕೆಲಸದಾಕೆ ಅದೇ ಫೋನು ಇಟ್ಕೊಂಡರೆ ಪಾಪ, ಬಡವಿ. ನಾವು ಸೆಕೆಂಡ್ ಹ್ಯಾಂಡ್ ಬಟ್ಟೆ ಕೊಂಡರೆ "ಥ್ರಿಫ್ಟಿಂಗ್". ನಾವು ಕೊಟ್ಟ ಹಳೇ ಬಟ್ಟೆಯನ್ನ ಆಕೆಯ ಮಗ ಕಾಲೇಜಿಗೆ ಹಾಕಿಕೊಂಡು ಹೋದರೆ ಅವನಿಗೆ ನಾಚಿಕೆ. ತನ್ನ ಅಂತಸ್ತಿನ ಬಗ್ಗೆ ಯಾರೂ ಅನುಮಾನ ಪಡಲ್ಲ ಅನ್ನೋ ಭರವಸೆ ಇದ್ದವನಿಗೆ ಮಾತ್ರ ಸರಳತೆ ಸುಲಭ. ಸೀತಾಬರ್ಡಿಯ ರಸ್ತೆಯಲ್ಲಿ ಹೊಳೆಯುವ ಪಾಲಿಯೆಸ್ಟರ್ ಅಂಗಿ ಆರಿಸಿಕೊಳ್ಳೋ ಹುಡುಗನಿಗೆ ತಿಳಿವಳಿಕೆ ಇಲ್ಲ ಅಂತಲ್ಲ. ಇಸ್ತ್ರಿ ಬೇಡದ, ಮಾಸದ, ಇಂಟರ್‌ವ್ಯೂಗೆ ಹಾಕಿಕೊಂಡು ಹೋಗಬಹುದಾದ ಅಂಗಿ ಅವನಿಗೆ ಬೇಕು.

ವಾರ್ಧಾದ ಲೆಕ್ಕಪರಿಶೋಧಕ

"ಖಾದಿ ಸ್ವದೇಶಿಗಾಗಿ ಇತ್ತು, ಪರಿಸರಕ್ಕಾಗಿ ಅಲ್ಲ" ಅಂತ ಯಾರಾದರೂ ಹೇಳಬಹುದು. ನಿಜ. ಎರಡನ್ನೂ ಬೆಸೆದವರು ಜೆ.ಸಿ. ಕುಮಾರಪ್ಪ. ನಾಗಪುರದಿಂದ ಸುಮಾರು 75 ಕಿಲೋಮೀಟರ್ ದೂರದ ವಾರ್ಧಾದಲ್ಲಿ 1934ರ ಡಿಸೆಂಬರಿನಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿತು, ಇವರು ಅದರ ಕಾರ್ಯದರ್ಶಿ. ಕೈಯಲ್ಲಿ ಕುಟ್ಟಿದ ಅಕ್ಕಿ, ಗಾಣದ ಎಣ್ಣೆ, ಬೆಲ್ಲ, ಕೈಕಾಗದ. ಇವತ್ತು ನಾವು ಆರ್ಗ್ಯಾನಿಕ್ ಸ್ಟೋರಿನಲ್ಲಿ ದುಬಾರಿ ಕೊಟ್ಟು ತರೋ ಪಟ್ಟಿಯೇ ಅದು. 1945ರಲ್ಲಿ ಬಂದ "ಎಕಾನಮಿ ಆಫ್ ಪರ್ಮನೆನ್ಸ್" ಪುಸ್ತಕವನ್ನ ಅವರು ಬರೆದದ್ದು ಜಬಲ್ಪುರದ ಜೈಲಿನಲ್ಲಿ. ಕಲ್ಲಿದ್ದಲು, ಎಣ್ಣೆಯಂಥ ಮುಗಿದುಹೋಗುವ ದಾಸ್ತಾನಿನ ಮೇಲೆ ನಿಂತ ಬದುಕು ಬೇರೆ, ಮತ್ತೆ ಮತ್ತೆ ಹರಿದು ಬರುವ ಸಂಪತ್ತಿನ ಮೇಲೆ ನಿಂತ ಬದುಕು ಬೇರೆ ಅಂತ ಅವರು ವಿಂಗಡಿಸಿದರು. "ರಿನ್ಯೂಯಬಲ್" ಅನ್ನೋ ಮಾತು ಫ್ಯಾಷನ್ ಆಗುವುದಕ್ಕೆ ದಶಕಗಳ ಮೊದಲು.

ಇವರ ಬಯೋಡೇಟಾ ನೋಡಿ: ಲಂಡನ್ನಿನಲ್ಲಿ ಅಕೌಂಟೆನ್ಸಿ, ಅಮೆರಿಕದ ಕೊಲಂಬಿಯಾದಲ್ಲಿ ಉನ್ನತ ಓದು, ಮುಂಬಯಿಯಲ್ಲಿ ವೃತ್ತಿ. 1929ರಲ್ಲಿ ಗಾಂಧಿಯನ್ನ ಕಂಡ ಮೇಲೆ ಖಾದಿ. ನಮ್ಮ ಓದುಗರಲ್ಲಿ ಅನೇಕರ ಬಯೋಡೇಟಾಕ್ಕೆ ಹತ್ತಿರದ್ದೇ. ಓದು, ಹಣ, ಜಗತ್ತು ಸುತ್ತಿದ ಅನುಭವ ಇದ್ದವರು ಇಂಥ ಬದುಕಿಗೆ ಬೇಗ ತಿರುಗ್ತಾರೆ ಅನ್ನೋದಕ್ಕೆ ಅವರು ಸಾಕ್ಷಿ. ಅವರಂಥವರು ಎಷ್ಟು ಜನ ಇದ್ದರು ಅನ್ನೋದು ಬೇರೆ ಪ್ರಶ್ನೆ.

ಸಂಶೋಧನೆ ಏನು ಹೇಳುತ್ತೆ

2003ರಲ್ಲಿ ಡಯಮಾಂಟೊಪೊಲಸ್ ಮತ್ತು ಸಂಗಡಿಗರು ಬ್ರಿಟನ್ನಿನ ಗ್ರಾಹಕರ ಮಾಹಿತಿ ಇಟ್ಟುಕೊಂಡು, ವಯಸ್ಸು, ಲಿಂಗ, ಓದು, ವರ್ಗ ಇಷ್ಟರಿಂದಲೇ "ಹಸಿರು ಗ್ರಾಹಕ" ಯಾರು ಅಂತ ಹೇಳಬಹುದೇ ಅಂತ ನೋಡಿದರು. ಅಷ್ಟರಿಂದಲೇ ಹೆಚ್ಚೇನೂ ಹೇಳಲಾಗದು ಅನ್ನೋದೇ ಉತ್ತರವಾಯಿತು. 2008ರಲ್ಲಿ ಅಮೆರಿಕದ ಗೋಲ್ಡ್‌ಸ್ಟೀನ್, ಚಾಲ್ಡೀನಿ, ಗ್ರಿಸ್ಕೆವಿಶಿಯಸ್ ಹೋಟೆಲ್ ರೂಮುಗಳಲ್ಲಿ ಎರಡು ಬಗೆಯ ಚೀಟಿ ಇಟ್ಟರು. "ಪರಿಸರ ಉಳಿಸಲು ಟವೆಲ್ ಮತ್ತೆ ಬಳಸಿ" ಅಂದಾಗ ಸುಮಾರು 35% ಅತಿಥಿಗಳು ಬಳಸಿದರು. "ಇಲ್ಲಿ ಉಳಿದುಕೊಳ್ಳುವ ಹೆಚ್ಚಿನವರು ಟವೆಲ್ ಮತ್ತೆ ಬಳಸ್ತಾರೆ" ಅಂದಾಗ ಸುಮಾರು 44%. ಹುಬ್ಬಳ್ಳಿ ಹುಡುಗರಿಗೆ 1923ರಲ್ಲೇ ಗೊತ್ತಿದ್ದ ವಿಷಯ ಇದು: ಉಪದೇಶಕ್ಕಿಂತ ಪಕ್ಕದವನು ಏನು ಮಾಡ್ತಿದ್ದಾನೆ ಅನ್ನೋದರ ತೂಕ ಜಾಸ್ತಿ.

ನಿಯಮ ಯಾರ ಹೆಗಲ ಮೇಲೆ

ಕೊನೆಗೆ ನಮ್ಮ ಕಾಲ. ಕರ್ನಾಟಕ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. ಮಹಾರಾಷ್ಟ್ರದ ನಿಷೇಧ ಜಾರಿಗೆ ಬಂದದ್ದು 2018ರ ಜೂನ್ 23ರಿಂದ. ಮೊದಲ ಸಲ ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ, ಎರಡನೆಯ ಸಲ 10,000. ಸೀತಾಬರ್ಡಿಯಲ್ಲಿ ರಸ್ತೆ ಮೇಲೆ ಕೂತು ಮಾರೋನಿಗೆ 5,000 ಅಂದ್ರೆ ಎಷ್ಟು ದಿನದ ದುಡಿಮೆ ಅಂತ ಲೆಕ್ಕ ಹಾಕಿ. ಕಂಪನಿಗಳ ಚಿಪ್ಸ್, ಬಿಸ್ಕತ್ತಿನ ಪ್ಯಾಕೆಟ್ಟುಗಳು ಮಾತ್ರ ಅಂಗಡಿಯಲ್ಲಿ ನೇತಾಡ್ತಲೇ ಇವೆ. ನಿಯಮ ಒಳ್ಳೆಯದೇ. ಆದರೆ ಅದರ ಭಾರ ಯಾರ ಹೆಗಲಿಗೆ ಬಿತ್ತು ಅನ್ನೋದು ಆ ಹೆಗಲಿಗೆ ಮಾತ್ರ ಗೊತ್ತಿರುತ್ತೆ.

ಇನ್ನೊಂದು ಉದಾಹರಣೆ ನೇರ ನಮ್ಮೂರದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಬಿಐಎಸ್ ಮುದ್ರೆಯ ರಾಷ್ಟ್ರಧ್ವಜಕ್ಕೆ ಹೆಸರಾದ ಜಾಗ, ಕೆಲಸ ಮಾಡೋರು ಬಹುಪಾಲು ಹೆಂಗಸರು. 1923ರಲ್ಲಿ ಆ ಬಾವುಟಕ್ಕಾಗಿ ನಾಗಪುರದ ಜೈಲು ಸೇರಿದ್ದೂ ಹುಬ್ಬಳ್ಳಿಯ ಹುಡುಗರೇ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. 2022ರ ಆಗಸ್ಟಿನಲ್ಲಿ "ಹರ್ ಘರ್ ತಿರಂಗಾ" ಬಂದಾಗ ಮನೆಮನೆಗೂ ಬಾವುಟ ಹೋಯಿತು. ಬೆಂಗೇರಿಯವರು ಮಾತ್ರ ಆರ್ಡರ್ ಕುಸಿಯಿತು ಅಂತ ಪ್ರತಿಭಟನೆಗೆ ಕೂತರು. ಬಾವುಟ ಎಲ್ಲರಿಗೂ ಕೈಗೆಟಕಬೇಕು ಅನ್ನೋದು ತಪ್ಪಲ್ಲ. ಆದರೆ 1935ರ ಪ್ರಶ್ನೆ ಮತ್ತೆ ಎದುರು ನಿಂತಿತು: ಅಗ್ಗದ ಬೆಲೆಯ ವ್ಯತ್ಯಾಸವನ್ನ ಕೊಟ್ಟವರು ಯಾರು? ನೂತವಳು ಕೊಟ್ಟಳು.

ಹಾಗಾದರೆ ನಾವೇನು ಮಾಡೋದು? ಈ ಚಾನೆಲ್ಲಿನಲ್ಲಿ ಉಪದೇಶ ಕಡಿಮೆ, ಆದರೂ ಎರಡು ಮಾತು ಹೇಳ್ತೇನೆ. ಮೊದಲನೆಯದು, ಖಾದಿಯ ಕಥೆಯಲ್ಲಿ ಬೆಲೆಯ ಅಂತರ ತುಂಬಿದ್ದು ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದ ವರ್ಗ. ಪುಣೆ, ಹೈದರಾಬಾದು, ಗುರುಗ್ರಾಮ, ಡಾಲಸ್ ಎಲ್ಲೇ ಇರಲಿ, ಇವತ್ತು ಆ ವರ್ಗ ನಾವೇ. ತುಟ್ಟಿಯಾದರೂ ನ್ಯಾಯದ ಕೂಲಿ ಕೊಟ್ಟು ಮಾಡಿದ ವಸ್ತುವನ್ನ ಕೊಳ್ಳಬಲ್ಲವರು ಕೊಂಡರೆ ಅದು ತ್ಯಾಗವೂ ಅಲ್ಲ, ಪುಣ್ಯವೂ ಅಲ್ಲ, ಅಂತರ ತುಂಬುವ ಕೆಲಸ ಅಷ್ಟೇ. ಎರಡನೆಯದು, ಕೊಳ್ಳಲಾಗದವನನ್ನ "ತಿಳಿವಳಿಕೆ ಇಲ್ಲದವನು" ಅನ್ನೋದನ್ನ ಬಿಡೋಣ. ಪಾಲಿಯೆಸ್ಟರ್ ಅಂಗಿಯ ಹುಡುಗ ವರ್ಷಕ್ಕೆ ಒಂದು ಸಲವೂ ವಿಮಾನ ಹತ್ತಲ್ಲ. ಭೂಮಿಯ ಲೆಕ್ಕದ ಪುಸ್ತಕದಲ್ಲಿ ನಮಗಿಂತ ಅವನ ಸಾಲ ಕಡಿಮೆ.

ಮುಂದಿನ ಮಾತಿನಲ್ಲಿ ಹುದಲಿಯ ಖಾದಿ ಕೇಂದ್ರಕ್ಕೆ ಹೋಗೋಣ. ನಿಮ್ಮ ಮನೆಯಲ್ಲಿ ನೂಲುತ್ತಿದ್ದ ಅಜ್ಜಿ ಯಾರಾದರೂ ಇದ್ದಿದ್ದರೆ, ಅವರಿಗೆ ದಿನಕ್ಕೆ ಎಷ್ಟು ಕೂಲಿ ಸಿಗ್ತಿತ್ತು ಅಂತ ಮನೆಯ ಹಿರಿಯರನ್ನ ಒಂದು ಸಲ ಕೇಳಿ ನೋಡಿ.